ಪುಟದ ಮೂಲೆಯ ಸಿಹಿ

ಅಕ್ಕನ ಮಗಳು ಇಂಚರ ಓದುವುದನ್ನು ನೋಡಿದರೆ ನೀಲವೇಣಿಗೆ ಹೇಸಿಗೆಯಾಗುತ್ತಿತ್ತು.

ಏಳು ವರ್ಷದ ಹುಡುಗಿ. ಕಾಲು ಮಡಚಿ ಕೂತು, ತೋರುಬೆರಳನ್ನು ಪೂರ್ತಿ ಬಾಯೊಳಗೆ ಇಳಿಸಿ, ನಾಲಿಗೆಯ ಬುಡದಿಂದ ಎಂಜಲು ತೆಗೆದು ಪುಟದ ಕೆಳಮೂಲೆಗೆ ಸವರುತ್ತಿದ್ದಳು. ಮೂಲೆ ಅದನ್ನು ಹೀರಿಕೊಳ್ಳುತ್ತಿತ್ತು. ಹೀರುವಾಗ ಸಣ್ಣದೊಂದು ಸದ್ದು ಬರುತ್ತಿತ್ತು, ಕರು ಕೆಚ್ಚಲಿನಿಂದ ಬಾಯಿ ತೆಗೆದಾಗ ಬರುವಂಥದ್ದು. ಪುಟ ತಿರುವಿದ ಮೇಲೆ ಹುಡುಗಿ ಅದೇ ಬೆರಳನ್ನು ಮತ್ತೆ ಬಾಯಿಗಿಟ್ಟು ಚೀಪುತ್ತಿದ್ದಳು. ಕೊಟ್ಟ ಎಂಜಲಿಗೆ ಬದಲಾಗಿ ಮೂಲೆ ಏನನ್ನೋ ವಾಪಸು ಕೊಡುತ್ತಿತ್ತು. ಒಂದು ಹನಿ ಸಿಹಿ.

ರಾಮನಗರದ ರೇಷ್ಮೆ ಬೀದಿಗಳ ಮಕ್ಕಳು ಓದಿನಲ್ಲಿ ಹಿಂದೆ ಬಿದ್ದಿದ್ದಾರೆ, ವಿಜ್ಞಾನವಂತೂ ತಲೆಗೇ ಹತ್ತುತ್ತಿಲ್ಲ ಎಂದು 'ಅಂಕುರ' ಅನ್ನುವ ಕಂಪನಿಯೊಂದು ಊರಿಗೆ ಬಂದು, ಹಳೆಯ ಗೋದಾಮನ್ನು ಹಿಡಿದು ಪ್ರಯೋಗಾಲಯ ಮಾಡಿತ್ತು. ಅಲ್ಲಿ ಹುಟ್ಟಿದ್ದು ಈ ಕಥೆಪುಸ್ತಕ. ಅದರ ಪುಟ ಕಾಗದದ್ದಲ್ಲ. ರೇಷ್ಮೆ ಗೂಡನ್ನು ಕರಗಿಸಿ ತೆಳ್ಳಗೆ ಹರಡಿ ಒಣಗಿಸಿದ ಹಾಳೆ. ಹಾಳೆಯೊಳಗೆ ಕಣ್ಣಿಗೆ ಕಾಣದ ಮಸಿಯ ಕಾಳುಗಳು. ಕರೆಂಟು ತಾಗಿದರೆ ಮೇಲೆದ್ದು ಅಕ್ಷರವಾಗುತ್ತವೆ, ಬಿಟ್ಟರೆ ಮುಳುಗುತ್ತವೆ. ಹಾಗಾಗಿ ಒಂದೇ ಪುಸ್ತಕದಲ್ಲಿ ಎಷ್ಟು ಕಥೆ ಬೇಕಾದರೂ ಹುಟ್ಟಬಹುದು. ಯಾವುದು ಹುಟ್ಟಬೇಕು ಎಂದು ತೀರ್ಮಾನಿಸುವುದು ಆ ಮೂಲೆ. ಖುಷಿಯಾದಾಗ, ಬೇಸರವಾದಾಗ, ಹೇಸಿಗೆಯಾದಾಗ ಬಾಯಲ್ಲಿ ಊರುವ ನೀರು ಬೇರೆಬೇರೆಯಂತೆ. ಮೂಲೆಗೆ ಆ ವ್ಯತ್ಯಾಸ ಗೊತ್ತು. ಮಗುವಿಗೆ ಹಿಡಿಸಿದ ಕಡೆಗೆ ಕಥೆ ಹರಿಯುತ್ತದೆ, ಹಿಡಿಸದ ಕಡೆಯಿಂದ ತಿರುಗಿಕೊಳ್ಳುತ್ತದೆ. ಪುಟವನ್ನು ಪೂರ್ತಿ ಓದಿದರೆ ಸಿಹಿ.

ಕಂಪನಿ ಇಟ್ಟ ಹೆಸರು 'ಸ್ಪಂದ'. ಊರಿನವರು ಇಟ್ಟದ್ದು 'ನೆಕ್ಕೋ ಪುಸ್ತಕ'.

"ಅದ್ಯಾಕೆ ಹಂಗೆ ಮೂತಿ ಸೊಟ್ಟ ಮಾಡ್ಕೊಂಡು ನೋಡ್ತೀಯ?" ಎಂದು ಅಕ್ಕ ಸುಕನ್ಯ ಬೈಯುತ್ತಿದ್ದಳು. "ಲೈಬ್ರರೀಲಿ ಮುದುಕರು ಎಂಜಲು ಹಚ್ಚಿ ಪೇಪರ್ ತಿರುವಲ್ವಾ? ಅದಕ್ಕಿಲ್ಲದ ಹೇಸ್ಗೆ ಇದಕ್ಕಾ?"

ನೀಲವೇಣಿ ಮಾತಿನವಳಲ್ಲ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ನೂಲು ತೆಗೆಯುವ ಕೆಲಸಕ್ಕೆ ಸೇರಿದಾಗಿನಿಂದ ಅವಳ ಮಾತೆಲ್ಲ ಕಣ್ಣಿಗೆ ಹೋಗಿತ್ತು. ನೋಡುತ್ತಿದ್ದಳು. ಮುದುಕರು ಪೇಪರಿಗೆ ಎಂಜಲು ಹಚ್ಚುತ್ತಾರೆ, ನಿಜ. ಆದರೆ ಪೇಪರು ಅವರ ಬೆರಳನ್ನು ಕಾಯುತ್ತಾ ಕೂತಿರುವುದಿಲ್ಲ.

ಸುಕನ್ಯ ಬಿಡದಿಯ ಗಾರ್ಮೆಂಟ್ಸಿಗೆ ಬೆಳಿಗ್ಗೆ ಬಸ್ಸು ಹತ್ತಿದರೆ ಬರುವಾಗ ದೀಪ ಹತ್ತಿರುತ್ತಿತ್ತು. ಅವಳ ಗಂಡ ಲಾರಿಯ ಮೇಲೆ ಹೋದವನು ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಹಾಗಾಗಿ ಸ್ಕೂಲು ಬಿಟ್ಟ ಮೇಲೆ ಇಂಚರ ಇರುತ್ತಿದ್ದುದು ಚಿಕ್ಕಮ್ಮನ ಜೊತೆ, ಅವಳು ನೂಲು ತೆಗೆಯುವ ಸನಾವುಲ್ಲಾ ಸಾಬರ ಶೆಡ್ಡಿನಲ್ಲಿ.

ರೇಷ್ಮೆ ಶೆಡ್ಡಿನ ವಾಸನೆಯನ್ನು ಗೊತ್ತಿಲ್ಲದವರಿಗೆ ಹೇಳುವುದು ಕಷ್ಟ. ಕುದಿಯುವ ನೀರಿಗೆ ಗೂಡು ಸುರಿದು, ಗೂಡಿನ ಅಂಟು ಕರಗಿ, ಎಳೆ ಸಿಕ್ಕಿ ರಾಟೆಗೆ ಏರಿದಂತೆಲ್ಲ ಗೂಡು ತೆಳುವಾಗಿ, ಕೊನೆಗೆ ಒಳಗಿದ್ದ ಹುಳ ಬೆಂದು ಕಂದಾಗಿ ತೇಲುತ್ತದೆ. ಆ ನೀರು, ಆ ಹುಳ, ಮೂಲೆಯ ಬುಟ್ಟಿಯಲ್ಲಿ ಗುಡ್ಡೆ ಬಿದ್ದು ನೊಣ ಮುತ್ತಿಕೊಂಡ ನೆನ್ನೆಯ ಹುಳ, ಮೊನ್ನೆಯ ಹುಳ, ಎಲ್ಲ ಸೇರಿದ ವಾಸನೆ. ಹೊಸಬರು ಬಾಗಿಲಲ್ಲೇ ಮೂಗಿಗೆ ಸೆರಗು ಹಿಡಿಯುತ್ತಾರೆ. ನೀಲವೇಣಿಗೆ ಅದು ಅಸಹ್ಯವೇ ಅಲ್ಲ. ಬಿಸಿನೀರಿನಲ್ಲಿ ಬೆಳ್ಳಗೆ ಬಿರಿದ ಬೆರಳಿಗೆ ಹುಳ ಅಂಟಿದರೆ ಝಾಡಿಸಿ ಬಿಸಾಕುತ್ತಾಳೆ, ಅಷ್ಟೆ. ಅದು ಏನು ಅಂತ ಅವಳಿಗೆ ಗೊತ್ತು. ಗೊತ್ತಿರುವುದಕ್ಕೆ ಹೇಸುವುದೇನು?

ಅವತ್ತು ಇಂಚರ ಗೋಣಿಚೀಲದ ಮೇಲೆ ಕೂತು ಜೋರಾಗಿ ಓದುತ್ತಿದ್ದಳು. ಓದು ನಿಜಕ್ಕೂ ಚೆಂದವಾಗಿತ್ತು, ತಡವರಿಕೆಯೇ ಇಲ್ಲ.

"ಗೂಡು ಬಿಸಿನೀರಿನಲ್ಲಿ ಸ್ನಾನ ಮಾಡಿತು. ಬಾಗಿಲು ತೆರೆಯಿತು. ಚಿಟ್ಟೆ ಹಾರಿಹೋಯಿತು. ಅದು ಬಿಚ್ಚಿಟ್ಟ ಕಂದು ಅಂಗಿ ನೀರಿನಲ್ಲಿ ತೇಲಿತು."

ಸನಾವುಲ್ಲಾ ಸಾಬರು ಒಲೆಗೆ ಸೌದೆ ನೂಕುತ್ತಿದ್ದವರು ತಿರುಗಿ ನೋಡಿದರು. "ಅಂಗೀನಾ? ಏನ್ ಬೇಟಾ, ಹಂಗಾದ್ರೆ ಈ ಅಂಗೀನೆಲ್ಲ ಮೀನು ಸಾಕೋರು ಯಾಕ್ ಒಯ್ತಾರೆ?"

ಇಂಚರ ಬೆರಳು ಚೀಪುತ್ತಲೇ ಹೇಳಿದಳು: "ಮೀನಿಗೂ ಅಂಗಿ ಬೇಕಲ್ವಾ ತಾತ."

ಸಾಬರು ಹೊಟ್ಟೆ ಹಿಡಿದು ನಕ್ಕರು. ನೀಲವೇಣಿ ನಗಲಿಲ್ಲ. ಈ ಹುಡುಗಿ ಹುಟ್ಟಿದಾಗಿನಿಂದ ಇದೇ ಬೀದಿಯಲ್ಲಿ ಬೆಳೆದವಳು. ಕೈಯಳತೆಯಲ್ಲಿ ಹುಳ ಬೇಯುತ್ತಿದೆ. ಆದರೂ ಅವಳ ಕಣ್ಣಿಗೆ ಕಾಣುತ್ತಿರುವುದು ಅಂಗಿ.

"ಇಂಚರ, ಆ ಗೋಡೇಲಿರೋ ಪಟ ಓದು ನೋಡನ. ಹುಳದ್ದೇ ಅದು" ಎಂದಳು.

ರೇಷ್ಮೆ ಸಾಕುವವರಿಗಾಗಿ ಅಚ್ಚು ಹಾಕಿಸಿದ ಹಳೆಯ ಪಟ. ಯಾವ ಕಾಲದಲ್ಲಿ ಅಂಟಿಸಿದ್ದೋ. ಮೊಟ್ಟೆ, ಹುಳು, ಗೂಡು, ಕೋಶ, ಚಿಟ್ಟೆ ಎಂದು ಸುತ್ತಲೂ ಚಿತ್ರ, ಕೆಳಗೆ ಒಂದೆರಡು ಸಾಲು. ಒಲೆಯ ಮಸಿ, ನೊಣದ ಪಿಕ್ಕೆ ಕೂತು ಕಂದಾಗಿತ್ತು. ಇಂಚರ ಹೋಗಿ ನಿಂತಳು. ಬೆರಳು ಬಾಯಿಗೆ ಹೋಯಿತು. ಪಟದ ಕೆಳಮೂಲೆಗೆ ಸವರಿದಳು. ಕಾದಳು. ಮತ್ತೆ ಸವರಿದಳು. ಪಟ ಸುಮ್ಮನಿತ್ತು. ಆಗ ಬಗ್ಗಿ, ನಾಲಿಗೆಯನ್ನೇ ಚಾಚಿ, ಪಟದ ಆ ಮೂಲೆಯನ್ನು ಕೆಳಗಿನಿಂದ ಮೇಲಕ್ಕೆ ನೆಕ್ಕಿದಳು.

ನೀಲವೇಣಿ ರಾಟೆ ಬಿಟ್ಟು ಓಡಿಬಂದು ಅವಳ ರಟ್ಟೆ ಹಿಡಿದೆಳೆದಳು. ಹುಡುಗಿಯ ನಾಲಿಗೆಯ ತುದಿ ಕಪ್ಪಾಗಿತ್ತು. ಪಟದ ಮೇಲೆ ಒದ್ದೆಯ ಗೆರೆಯೊಂದು ಹೊಳೆಯುತ್ತಿತ್ತು.

"ಇದು ಕೆಟ್ಟೋಗದೆ ಚಿಕ್ಕಮ್ಮ" ಎಂದಳು ಇಂಚರ, ಬೇಜಾರಿನಿಂದ.

ಶನಿವಾರ ಶನಿವಾರ ಪುಸ್ತಕವನ್ನು ಪ್ರಯೋಗಾಲಯಕ್ಕೆ ಒಯ್ಯಬೇಕಿತ್ತು. ಮಕ್ಕಳ ಜೊತೆ ಬಂದ ಅಮ್ಮಂದಿರು, ಅಜ್ಜಿಯರು ಬೆಂಚಿನ ಮೇಲೆ ಸಾಲಾಗಿ ಕೂರುತ್ತಿದ್ದರು. ಬಿಳಿ ಕೋಟಿನ ಹುಡುಗನೊಬ್ಬ ಕತ್ತರಿಯಲ್ಲಿ ಪುಟಗಳ ಮೂಲೆಗಳನ್ನು ಕತ್ತರಿಸಿ ಗಾಜಿನ ಡಬ್ಬಿಗೆ ಹಾಕಿ, ಹೊಸ ಮೂಲೆ ಅಂಟಿಸಿ ಕೊಡುತ್ತಿದ್ದ. ಹಳೆಯ ಮೂಲೆಗಳು ಹಳದಿಯಾಗಿ, ಒಂದಕ್ಕೊಂದು ಅಂಟಿ, ಗೋಡೆಯುದ್ದಕ್ಕೂ ಡಬ್ಬಿಗಳಲ್ಲಿ ತುಂಬಿದ್ದವು. ಇಡೀ ಊರಿನ ಮಕ್ಕಳ ಎಂಜಲು. ಏಸಿ ಹಾಕಿದ ಆ ಕೋಣೆಯಲ್ಲಿ ನಿಂಬೆಹಣ್ಣಿನ ಪರಿಮಳ ಬಿಡುತ್ತಿದ್ದರು. ಅದರ ಅಡಿಯಲ್ಲಿ, ತೊಳೆಯದ ಸ್ಕೂಲ್ ಬಾಟಲಿಯ ಮುಚ್ಚಳ ತೆಗೆದರೆ ಬರುವ ವಾಸನೆ. ಅದರ ಅಡಿಯಲ್ಲಿ ಇನ್ನೂ ಒಂದು. ಬೇರೆ ಯಾರಿಗೂ ಗೊತ್ತಾಗಿರಲಿಕ್ಕಿಲ್ಲ, ಶೆಡ್ಡಿನಲ್ಲಿ ಕೆಲಸ ಮಾಡುವವಳಿಗೆ ಗೊತ್ತಾಗದೆ ಇರಲಿಲ್ಲ: ಒದ್ದೆಯಾದ ರೇಷ್ಮೆಯ, ಬೆಂದ ಹುಳದ ವಾಸನೆ. ಮಗು ದಿನಾ ನೆಕ್ಕುತ್ತಿದ್ದುದು ಅದನ್ನೇ. ಮೇಲೆ ಸಕ್ಕರೆ.

ವೈಜಯಂತಿ ಮೇಡಂ ಅಲ್ಲಿಯ ಮುಖ್ಯಸ್ಥೆ. ದೊಡ್ಡ ಪರದೆಯ ಮುಂದೆ ಸುಕನ್ಯ, ನೀಲವೇಣಿ ಇಬ್ಬರನ್ನೂ ಕೂರಿಸಿಕೊಂಡರು. ಪರದೆಯ ಮೇಲೆ ಎರಡು ಗೆರೆ.

"ಹಸಿರು ಗೆರೆ ಒಲವು. ಕೆಂಪು ಗೆರೆ ಒಲ್ಲೆ. ನಿಮ್ಮ ಇಂಚರಂದು ನೋಡಿ, ಹಸಿರು ಹ್ಯಾಗೆ ಏರಿದೆ. ಕೆಂಪು ನೆಲಕಚ್ಚಿಬಿಟ್ಟಿದೆ. ಇಷ್ಟು ಚೆನ್ನಾಗಿ ಓದೋ ಮಗು ಇನ್ನೊಂದಿಲ್ಲ."

ಸುಕನ್ಯಳ ಕಣ್ಣಲ್ಲಿ ನೀರಾಡಿತು. ನೀಲವೇಣಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಕೊನೆಗೆ, ಕೇಳಿಸಿಯೂ ಕೇಳಿಸದ ಹಾಗೆ, "ಅದ್ರಲ್ಲಿ ಹುಳ ಬೇಯೋದು ಯಾಕಿಲ್ಲ ಮೇಡಂ?" ಎಂದಳು.

"ಏನು?"

"ಪುಸ್ತಕದಲ್ಲಿ. ಹುಳ ಹಾರೋಗ್ತದೆ ಅಂತ ಐತೆ. ಹಾರೋಗಲ್ಲ."

ವೈಜಯಂತಿ ಮೇಡಂ ಬೇಸರ ಮಾಡಿಕೊಳ್ಳಲಿಲ್ಲ. ಹಿಂದಿನ ಗೆರೆಗಳನ್ನು ತೆಗೆದು ತೋರಿಸಿದರು. "ಮೊದಲು ಇತ್ತಮ್ಮ. ಇಲ್ಲಿ ನೋಡು, ಹುಳ ಬೇಯೋ ಪುಟಕ್ಕೆ ಬಂದ ತಕ್ಷಣ ಕೆಂಪು ಹ್ಯಾಗೆ ಜಿಗಿದಿದೆ. ಮಗು ಹೇಸಿಕೊಂಡಳು. ಪುಸ್ತಕ ಅದನ್ನ ಬಿಟ್ಟು ಬೇರೆ ದಾರಿ ಹುಡುಕ್ತು. ನಾವ್ಯಾರೂ ಹೇಳಿಕೊಟ್ಟಿಲ್ಲ, ತಾನೇ ಕಲಿತದ್ದು. ಮಗು ಏನನ್ನ ಒಲ್ಲೆ ಅನ್ನುತ್ತೋ ಅದನ್ನ ಬಿಡುತ್ತೆ. ಎಷ್ಟು ಬೇಕಾದರೂ ಬಿಡುತ್ತೆ, ಹಠ ಇಲ್ಲ ಅದಕ್ಕೆ."

"ಅದು ಸುಳ್ಳಲ್ವಾ?"

"ನೀಲಾ!" ಎಂದಳು ಸುಕನ್ಯ.

ಮೇಡಂ ಕನ್ನಡಕ ತೆಗೆದು ಒರೆಸಿದರು. "ನನಗೆ ಅಕ್ಷರ ಕಲಿಸಿದ ಮೇಷ್ಟ್ರು ಬೆರಳ ಗಂಟಿನ ಮೇಲೆ ಹೊಡೀತಿದ್ರು. ಪುಸ್ತಕ ಕಂಡ್ರೆ ನನಗೆ ಉಚ್ಚೆ ಬರ್ತಿತ್ತು, ಎಷ್ಟೋ ವರ್ಷ. ಮಗು ಖುಷಿಯಿಂದ ಪುಟ ತಿರುವಿದರೆ ಸಾಕು ನನಗೆ. ನಿಜ ಆಮೇಲೆ ಬರುತ್ತೆ."

ನೀಲವೇಣಿ ತಲೆ ತಗ್ಗಿಸಿದಳು. ಮೇಡಂ ಕೆಟ್ಟವರಾಗಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಆಗ ಅವಳ ಹೇಸಿಗೆಗೆ ಒಂದು ಜಾಗ ಸಿಗುತ್ತಿತ್ತು.

ಅವತ್ತೇ ಮೇಡಂ ಮುಖ್ಯ ವಿಷಯ ಹೇಳಿದ್ದು. ಮುಂದಿನ ವಾರ ಬೆಂಗಳೂರಿನಿಂದ ದೊಡ್ಡವರು ಬರುತ್ತಾರೆ. ಅವರ ಎದುರು ಇಂಚರ ಓದಬೇಕು. ಗೆರೆಗಳು ಇದೇ ಥರ ಬಂದರೆ ಅವಳನ್ನು ಕಂಪನಿಯ ವಸತಿಶಾಲೆಗೆ ಸೇರಿಸಿಕೊಳ್ಳುತ್ತಾರೆ. ಹತ್ತನೇ ಕ್ಲಾಸಿನವರೆಗೆ ಅಲ್ಲೇ ಊಟ, ಅಲ್ಲೇ ಓದು. ಎಲ್ಲ ಪಾಠವೂ ಇದೇ ಪುಸ್ತಕದಲ್ಲಿ. ಬೇರೆ ಪುಸ್ತಕವೇ ಇಲ್ಲ.

ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಸುಕನ್ಯ ಶುರು ಮಾಡಿದಳು.

"ಅಷ್ಟು ಜನರ ಮುಂದೆ ಸುಳ್ಳು ಗಿಳ್ಳು ಅಂತ ಯಾಕೆ ಬಾಯಿ ಬಿಟ್ಟೆ? ಮನೇಲಿ ಕರೆದ್ರೂ ಓ ಅನ್ನದೋಳು!"

"ಅವ್ಳಿಗೆ ಬೇರೆ ಏನೂ ಓದಕ್ಕೆ ಬರಲ್ಲ ಅಕ್ಕ."

"ಬರಲ್ವಾ? ನೀನ್ ಕೇಳಿಸ್ಕೊಂಡಿಲ್ವಾ ಹೆಂಗ್ ಓದ್ತಾಳೆ ಅಂತ?"

ನೀಲವೇಣಿ ಗೋಡೆಯ ಗೂಡಿನಿಂದ ಇಂಚರಳ ಸ್ಕೂಲಿನ ಪುಸ್ತಕ ತೆಗೆದು ಅವಳ ಮುಂದಿಟ್ಟಳು. ಹುಡುಗಿ ಮೂಲೆಗೆ ಎಂಜಲು ಸವರಿದಳು. ಕಾದಳು. ಕಾಗದ ಒದ್ದೆಯಾಗಿ ಉಬ್ಬಿತು, ಬೆರಳಿನಡಿ ಸುಕ್ಕಾಗಿ ಹರಿಯಿತು. ಬೆರಳು ಚೀಪಿ ಮುಖ ಕಿವುಚಿದಳು. "ಇದು ಸತ್ತೋಗದೆ" ಎಂದು ಪಕ್ಕಕ್ಕೆ ತಳ್ಳಿದಳು.

"ನೋಡ್ದಾ? ಅಕ್ಷರದ ಮೇಲೆ ಕಣ್ಣೇ ಇಡಲ್ಲ. ಮೊದ್ಲು ಸಿಹಿ ಹುಡುಕ್ತಾಳೆ."

ಸುಕನ್ಯ ಹರಿದ ಪುಟವನ್ನು ನೋಡಿದಳು. ಒಂದು ಕ್ಷಣ ಅವಳ ಮುಖದಲ್ಲಿ ಹೆದರಿಕೆ ಸುಳಿಯಿತು. ಆಮೇಲೆ ಗಟ್ಟಿಯಾಯಿತು. "ಬೇರೆ ಪುಸ್ತಕ ಯಾಕೆ ಬೇಕು? ಅಲ್ಲಿ ಇದೇ ಪುಸ್ತಕ ಅಂದ್ರಲ್ಲ. ನೀನೂ ಸತ್ತ ಪುಸ್ತಕಾನೇ ಓದ್ದೋಳು. ಏನಾಯ್ತು? ನಿನ್ ಕೈ ನೋಡ್ಕೊ. ನನ್ ಮಗ್ಳ ಕೈ ಹಂಗೆ ಬೇಯಬೇಕಾ?"

ನೀಲವೇಣಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಆಗ ಇಂಚರಳ ಕಾಲು ಸ್ಪಂದ ಪುಸ್ತಕಕ್ಕೆ ತಾಗಿತು. ಮನೆಯಲ್ಲಿ ಕಲಿಸಿದ ಹಾಗೆ ಹುಡುಗಿ ತಕ್ಷಣ ಅದನ್ನೆತ್ತಿ ಎರಡೂ ಕಣ್ಣಿಗೆ ಒತ್ತಿಕೊಂಡಳು. ತೆಗೆದಾಗ ರೆಪ್ಪೆಗೂ ಪುಟದ ಮೂಲೆಗೂ ನಡುವೆ ಲೋಳೆಯ ಎಳೆಯೊಂದು ಜಗ್ಗಿ, ಹೊಳೆದು, ಕಡಿಯಿತು. ಮೊದಲೇ ಪಿಸುರು ಕಟ್ಟಿ ಕೆಂಪಾಗಿದ್ದ ಕಣ್ಣನ್ನು ಅವಳು ಅದೇ ಒದ್ದೆ ಬೆರಳಿನಲ್ಲಿ ಉಜ್ಜಿಕೊಂಡಳು.

ನೀಲವೇಣಿ ಎದ್ದು ಬಚ್ಚಲಿಗೆ ಹೋದಳು. ವಾಂತಿಯಾಗಲಿಲ್ಲ. ಬಾಯಿ ತುಂಬ ನೀರೂರಿತು, ಅಷ್ಟೆ. ಉಗಿದಳು. ಮತ್ತೂ ಊರಿತು.

ದೊಡ್ಡವರು ಬರುವ ಹೊತ್ತಿಗೆ ಇಂಚರಳ ಬಾಯಲ್ಲಿ ಹುಣ್ಣಾಗಿತ್ತು. ದಿನವಿಡೀ ಬೆರಳು ಹಾಕಿ ಕೆರೆದು ಕೆರೆದು ನಾಲಿಗೆಯ ಅಂಚು, ತುಟಿಯ ಒಳಭಾಗ ಸುಲಿದು ಕೆಂಡದ ಹಾಗಾಗಿತ್ತು. ಸುಕನ್ಯ ಜೇನು, ಬೆಣ್ಣೆ ಎಲ್ಲ ಸವರಿದಳು. ರಜೆ ಹಾಕಿ, ಮಗಳಿಗೆ ಹೊಸ ಲಂಗ ಉಡಿಸಿ ಕರೆದುಕೊಂಡು ಬಂದಳು. ನೀಲವೇಣಿಯೂ ಬಂದಳು, ಚಿಕ್ಕಮ್ಮ ಬರದಿದ್ದರೆ ಓದುವುದಿಲ್ಲ ಎಂದು ಹುಡುಗಿ ಹಠ ಹಿಡಿದಿದ್ದಳು.

ಕುರ್ಚಿಗಳ ತುಂಬ ಸೂಟು, ರೇಷ್ಮೆ ಸೀರೆ. ಎದುರಿಗೆ ಸಣ್ಣ ಮೇಜು, ಮೇಜಿನ ಮೇಲೆ ಪುಸ್ತಕ, ಹಿಂದುಗಡೆ ಗೋಡೆಯಷ್ಟು ದೊಡ್ಡ ಪರದೆ. ಇಂಚರ ಬೆರಳನ್ನು ಬಾಯಿಗೆ ಹಾಕಿದವಳೇ ಚೀರಿ ಕೈ ತೆಗೆದಳು. ಕಣ್ಣಲ್ಲಿ ನೀರು. ಮತ್ತೊಮ್ಮೆ ಹಾಕಹೋಗಿ ಅರ್ಧದಲ್ಲೇ ನಿಲ್ಲಿಸಿದಳು. ಪರದೆಯ ಮೇಲೆ ಗೆರೆಯೇ ಏಳಲಿಲ್ಲ. ಬಂದವರಲ್ಲಿ ಒಬ್ಬರು ವಾಚು ನೋಡಿಕೊಂಡರು.

"ಚಿಕ್ಕಮ್ಮಾ, ನೀನ್ ತಿರುವು" ಎಂದಳು ಇಂಚರ, ಅಳುತ್ತಾ. "ನಾನ್ ಓದ್ತೀನಿ, ನೀನ್ ತಿರುವು."

ಸುಕನ್ಯ ಗಾಬರಿಯಿಂದ ಮೇಡಂ ಮುಖ ನೋಡಿದಳು. ವೈಜಯಂತಿ ಮೇಡಂ ಬಂದವರನ್ನು ನೋಡಿದರು, ಖಾಲಿ ಪರದೆಯನ್ನು ನೋಡಿದರು, ಯೋಚಿಸಿದರು. "ಪರವಾಗಿಲ್ಲ, ತಿರುವಮ್ಮ" ಎಂದರು. "ಒಂದೇ ಮನೆಯವರು, ಒಂದೇ ಊಟ. ನಾಲ್ಕು ಪುಟಕ್ಕೆ ಅಂಥಾ ವ್ಯತ್ಯಾಸ ಬರಲ್ಲ."

ಎಲ್ಲರ ಕಣ್ಣೂ ನೀಲವೇಣಿಯ ಮೇಲೆ ಬಿತ್ತು. ಅಷ್ಟು ಜನ ಅವಳನ್ನು ಒಟ್ಟಿಗೆ ನೋಡಿದ್ದು ಅದೇ ಮೊದಲು. ಅವಳು ಮೇಜಿನ ಹತ್ತಿರ ಹೋಗಿ, ಬಿರಿದ ಬೆರಳನ್ನು ನಾಲಿಗೆಗೆ ತಾಗಿಸಿ, ಮೂಲೆಯ ಮೇಲಿಟ್ಟಳು. ಮೂಲೆ ಅವಳ ಬೆರಳನ್ನು ಹೀರಿತು. ಮೆತ್ತಗೆ, ಹಲ್ಲಿಲ್ಲದ ಬಾಯಿಯ ಹಾಗೆ. ಕೈ ಕಿತ್ತುಕೊಳ್ಳಬೇಕು ಅನ್ನಿಸಿದ್ದನ್ನು ತಡೆದುಕೊಂಡಳು.

ಮೊದಲನೇ ಪುಟ ಎಂದಿನ ಹಾಗೇ ಇತ್ತು. ಹಿಪ್ಪುನೇರಳೆ ಎಲೆ, ದಪ್ಪಗೆ ತಿಂದು ಮಲಗಿದ ಹುಳ. ಇಂಚರ ಹುಣ್ಣಿನ ಬಾಯಲ್ಲೇ ಮುದ್ದಾಗಿ ಓದಿದಳು. ಬಂದವರು ತಲೆದೂಗಿದರು.

ಎರಡನೇ ಪುಟ. ಗೂಡು. ನೀಲವೇಣಿ ಮೂಲೆ ಮುಟ್ಟದ ಇನ್ನೊಂದು ಬೆರಳನ್ನು ಎಂಜಲು ಮಾಡಿ ಸವರಿದಳು. ಹುಳ, ಗೂಡು, ಬಿಸಿನೀರು. ಅವಳ ಬಾಯಿಗೆ ಇದ್ಯಾವುದೂ ಹೇಸಿಗೆಯಲ್ಲ. ಪುಸ್ತಕ ಅದನ್ನು ತಿಳಿದುಕೊಂಡಿತು. ಇಷ್ಟು ದಿನ ಸುತ್ತಿ ಬಳಸಿ ಹೋಗುತ್ತಿದ್ದ ದಾರಿ ಈಗ ನೆಟ್ಟಗೆ ತೆರೆಯಿತು.

"ನೀರು ಕುದಿಯಿತು" ಎಂದು ಓದಿದಳು ಇಂಚರ. "ಹುಳ ಗೂಡಿನ ಒಳಗೇ ಇತ್ತು. ಹೊರಗೆ ಬರುವ ಮೊದಲೇ ಅದನ್ನು ಬೇಯಿಸಿದರು. ಗೂಡು ತೂತಾದರೆ ಎಳೆ ತುಂಡಾಗುತ್ತದೆ. ಆದ್ದರಿಂದ ಹುಳ..." ನಿಲ್ಲಿಸಿದಳು. ಅದೇ ಸಾಲನ್ನು ಮತ್ತೆ, ನಿಧಾನವಾಗಿ, ಅಕ್ಷರ ಅಕ್ಷರ ಹಿಡಿದು ಓದಿದಳು. ಹಾಗೆ ಅವಳು ಓದಿದ್ದನ್ನು ನೀಲವೇಣಿ ಯಾವತ್ತೂ ಕೇಳಿರಲಿಲ್ಲ.

"ಚಿಕ್ಕಮ್ಮಾ, ನಿಜಾನಾ?"

ಸುಕನ್ಯ ಸೀಟಿನ ತುದಿಗೆ ಬಂದು, ಬೇಡ ಎಂದು ಕಣ್ಣಲ್ಲೇ ಹೇಳುತ್ತಿದ್ದಳು. ಇಲ್ಲ ಮಗಾ, ಕಥೆ ಅದು ಅಂದುಬಿಟ್ಟರೆ ಮುಗಿಯಿತು. ಅಕ್ಕನ ಆಸೆ ಉಳಿಯುತ್ತದೆ, ಮಗುವಿಗೆ ವಸತಿಶಾಲೆ ಸಿಗುತ್ತದೆ, ತಾನೂ ಹಿಂದಕ್ಕೆ ಹೋಗಿ ಗೋಡೆಗೆ ಒರಗಿ ನಿಲ್ಲಬಹುದು.

"ನಿಜ ಕಣ್ ಮಗಾ" ಎಂದಳು ನೀಲವೇಣಿ.

"ಹಂಗಾದ್ರೆ ಅಂಗಿ?"

"ಅಂಗಿ ಅಲ್ಲ. ಅದು ಹುಳ."

ಇಂಚರ ಬಾಯಿ ತೆರೆದು ಅವಳನ್ನೇ ನೋಡಿದಳು. ಆಮೇಲೆ ಪುಟ ನೋಡಿದಳು. "ತಿರುವು" ಎಂದಳು.

ನೀಲವೇಣಿ ಮರೆತು ಅದೇ ಬೆರಳನ್ನು ಬಾಯಿಗಿಟ್ಟಳು. ಆಗ ಸಿಹಿ ತಗುಲಿತು. ನಾಲಿಗೆಯ ಮೇಲೆ ಸಕ್ಕರೆಪಾಕದ ಹನಿ, ಅದರ ಹಿಂದೆ ಆ ಹುಳದ ವಾಸನೆ, ಅದರ ಹಿಂದೆ ಈ ಮಗುವಿನ ಇಡೀ ವಾರದ ಎಂಜಲು. ನಿಜ ಹೇಳಿದ್ದಕ್ಕೆ ಅವಳಿಗೂ ಒಂದು ಹನಿ ಇನಾಮು. ಸಿಹಿ ಚೆನ್ನಾಗಿತ್ತು. ಇನ್ನೊಂದು ಹನಿ ಬೇಕು ಎಂದು ನಾಲಿಗೆ ತಾನಾಗಿ ತುಟಿಯ ಕಡೆ ಹೊರಳಿತು. ಅದನ್ನು ಅರಿತ ಕ್ಷಣವೇ ಅವಳಲ್ಲಿ ಅಸಹ್ಯ ಬುಗ್ಗೆಯಾಗಿ ಎದ್ದಿತು. ಹುಳದ ಮೇಲಲ್ಲ, ಕುದಿಯುವ ನೀರಿನ ಮೇಲಲ್ಲ. ಈ ಮೂಲೆಯ ಮೇಲೆ, ಈ ಪುಟದ ಮೇಲೆ, ಇದಕ್ಕೆ ಹೊರಳಿದ ತನ್ನ ನಾಲಿಗೆಯ ಮೇಲೆ.

ಹಿಂದಿನ ಪರದೆಯಲ್ಲಿ ಕೆಂಪು ಗೆರೆ ಜಿಗಿಯಿತು.

ಪುಸ್ತಕ ಹುಳದ ಕಥೆಯನ್ನು ಬಿಟ್ಟಿತು. ಮುಂದಿನ ಪುಟದಲ್ಲಿ ಆನೆ ಬಂತು. ನೀಲವೇಣಿ ಬೆರಳು ಸವರಿದಳು, ಕೆಂಪು ಇನ್ನೂ ಏರಿತು. ಆನೆ ಹೋಗಿ ರಾಕೆಟ್ಟು ಬಂತು. ರಾಕೆಟ್ಟು ಹೋಗಿ ರಾಜಕುಮಾರಿ. ಪುಸ್ತಕ ಹೆಚ್ಚು ಹೆಚ್ಚು ಸಿಹಿ ಬಿಟ್ಟಿತು. ಮೂಲೆಯಿಂದ ಅಂಟು ಪಾಕ ಒಸರಿ ಮೇಜಿನ ಮೇಲೆ ಹರಿಯಿತು. ಅವಳಿಗೆ ಇನ್ನಷ್ಟು ಹೇಸಿಗೆಯಾಯಿತು. ಅವಳು ಯಾವುದನ್ನು ಒಲ್ಲೆ ಅನ್ನುತ್ತಿದ್ದಾಳೆ ಎಂದು ಪುಸ್ತಕ ಹುಡುಕುತ್ತಲೇ ಹೋಯಿತು. ಚಿತ್ರ ತೆಗೆದು ನೋಡಿತು. ಬಣ್ಣ ತೆಗೆದು ನೋಡಿತು. ಸಾಲುಗಳನ್ನು ಕಡಿಮೆ ಮಾಡಿತು. ಕೆಂಪು ಇಳಿಯಲಿಲ್ಲ. ಹಠವಿಲ್ಲದ ಪುಸ್ತಕ, ಬಿಡುತ್ತಾ ಬಿಡುತ್ತಾ ಕೊನೆಗೆ ತನ್ನನ್ನೇ ಬಿಟ್ಟಿತು. ಇಂಚರ ಓದಲು ಬಾಯಿ ತೆರೆದಾಗ ಅಕ್ಷರಗಳು ಒಂದೊಂದಾಗಿ ಮುಳುಗಿ, ಪುಟ ಬೆಳ್ಳಗಾಯಿತು.

ಮೂಲೆ ಮಾತ್ರ ಒದ್ದೆಯಾಗಿ ಮಿಡುಕುತ್ತಿತ್ತು.

"ಕೆಟ್ಟೋಯ್ತಾ?" ಎಂದರು ಸೂಟಿನವರೊಬ್ಬರು. ವೈಜಯಂತಿ ಮೇಡಂ ಹತ್ತಿರ ಬಂದು, ಖಾಲಿ ಪುಟವನ್ನು ಬಗ್ಗಿ ನೋಡಿದರು. ಮಾತಾಡಲು ಹೊರಟು, ಮೂಗಿಗೆ ಕರ್ಚೀಫು ಹಿಡಿದರು. ವಾಸನೆ ಆಗ ಅವರಿಗೂ ಬಂದಿರಬೇಕು.

ಕಂಪನಿಯೇನೂ ಮುಚ್ಚಲಿಲ್ಲ. ಮಗುವಿನದಲ್ಲದ ಎಂಜಲು ತಾಗಿ ಪುಸ್ತಕ ಕೆಟ್ಟಿತು ಎಂದರು. ಇನ್ನು ಮುಂದೆ ಬೇರೆಯವರ ಬೆರಳನ್ನು ಪುಸ್ತಕ ಒಪ್ಪದ ಹಾಗೆ ಮಾಡುತ್ತಾರಂತೆ. ಇಂಚರಳ ಪುಸ್ತಕವನ್ನು ವಾಪಸು ತೆಗೆದುಕೊಂಡು, ಇನ್ನೊಂದು ಬೀದಿಯ ಮಗುವನ್ನು ವಸತಿಶಾಲೆಗೆ ಆರಿಸಿದರು.

ಸುಕನ್ಯ ತಂಗಿಯ ಜೊತೆ ಮಾತು ಬಿಟ್ಟಳು. ಅಡಿಗೆ ಮಾಡಿಡುತ್ತಿದ್ದಳು, ತಟ್ಟೆ ಮುಂದಕ್ಕೆ ತಳ್ಳುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ಇಂಚರ ಪುಸ್ತಕ ಬೇಕು ಎಂದು ನೆಲಕ್ಕೆ ಬಿದ್ದು ಹೊರಳಿದಳು. ಕ್ಯಾಲೆಂಡರಿನ ಮೂಲೆ ನೆಕ್ಕಿದಳು, ಬಸ್ ಟಿಕೇಟು ನೆಕ್ಕಿದಳು. ಆಗೆಲ್ಲ ಸುಕನ್ಯ ನೀಲವೇಣಿಯ ಕಡೆ ನೋಡುತ್ತಿದ್ದ ಒಂದೇ ನೋಟ, ಉಗಿದ ಹಾಗಿರುತ್ತಿತ್ತು. ನೀಲವೇಣಿ ಒರೆಸಿಕೊಳ್ಳಲಿಲ್ಲ. ಅಕ್ಕನದೂ ಸುಳ್ಳಲ್ಲವಲ್ಲ.

ಬಾಯಿಯ ಹುಣ್ಣು ಮಾಗಿದ ಮೇಲೆ, ಒಂದು ಮಧ್ಯಾಹ್ನ, ಇಂಚರ ಶೆಡ್ಡಿನಲ್ಲಿ ಗೋಣಿಯ ಮೇಲೆ ಕೂತಿದ್ದಳು. ಕೈಯಲ್ಲಿ ಏನೂ ಇರಲಿಲ್ಲ. ಸುಮಾರು ಹೊತ್ತು ಕುದಿಯುವ ಬೋಗುಣಿಯನ್ನೇ ನೋಡಿದಳು.

"ಚಿಕ್ಕಮ್ಮ. ಬೇಯಿಸದೇ ಇರೋದು ಹೆಂಗಿರ್ತದೆ?"

ನೀಲವೇಣಿ ರಾಟೆ ನಿಲ್ಲಿಸಿದಳು. ಬುಟ್ಟಿಯಿಂದ ಹಸಿ ಗೂಡೊಂದನ್ನು ಆರಿಸಿ, ಬ್ಲೇಡಿನಲ್ಲಿ ತುದಿ ಕತ್ತರಿಸಿ, ಅಂಗೈ ಮೇಲೆ ಅಲ್ಲಾಡಿಸಿದಳು. ಕಂದುಹಳದಿಯ ಕೋಶ ಜಾರಿ ಬಿದ್ದು, ಬಾಲವನ್ನು ಒಮ್ಮೆ ಆಕಡೆಗೆ ಒಮ್ಮೆ ಈಕಡೆಗೆ ತಿರುಚಿತು.

"ವ್ಯಾ!" ಇಂಚರ ಹಾರಿ ಹಿಂದೆ ಸರಿದು ಗೋಡೆಗೆ ಅಂಟಿಕೊಂಡಳು. ಮುಖ ಹಿಂಡಿತ್ತು, ತುಟಿ ಸೊಟ್ಟವಾಗಿತ್ತು. ನೀಲವೇಣಿ ಅಂಗೈ ಮುಚ್ಚಲಿಲ್ಲ, ಹತ್ತಿರಕ್ಕೂ ಒಯ್ಯಲಿಲ್ಲ. ಹಾಗೇ ಹಿಡಿದುಕೊಂಡಿದ್ದಳು.

ಹುಡುಗಿಯ ಮುಖ ಹಿಂಡಿಕೊಂಡೇ ಇತ್ತು. ಕಣ್ಣು ಮಾತ್ರ ಅಲ್ಲಿಂದ ಕದಲಲಿಲ್ಲ. ಒಂದು ಹೆಜ್ಜೆ ಮುಂದೆ ಬಂದಳು.

"ಕಾಲೆಲ್ಲಿ ಅದಕ್ಕೆ? ಹುಳಕ್ಕೆ ಕಾಲಿತ್ತಲ್ಲ?"

"ಮಡಿಚ್ಕೊಂಡದೆ ನೋಡು, ಹೊಟ್ಟೆ ಮೇಲೆ. ಚಿಟ್ಟೆ ಕಾಲು ಅವು. ಹಳೇ ಕಾಲು ಹೋಯ್ತು."

"ಬಿಸಿನೀರಿಗೆ ಹಾಕಿದ್ರೆ ಅದಕ್ಕೆ ಗೊತ್ತಾಗ್ತದಾ?"

"ಗೊತ್ತಿಲ್ಲ ಮಗಾ."

"ಯಾರಿಗೆ ಗೊತ್ತು?"

"ಅದೂ ಗೊತ್ತಿಲ್ಲ."

ಸನಾವುಲ್ಲಾ ಸಾಬರು ಒಲೆಯ ಹತ್ತಿರದಿಂದ ಕೂಗಿದರು: "ಏನ್ ಬೇಟಾ, ಅಂಗಿ ಅಳತೆ ಸರಿಯಾಯ್ತಾ?"

"ಅಂಗಿ ಅಲ್ಲ ತಾತ ಅದು!" ಎಂದು ಇಂಚರ ಸಿಟ್ಟಿನಿಂದ ಹೇಳಿದಳು. ಆಮೇಲೆ ನೆಟ್ಟಗೆ ಗೋಡೆಯ ಪಟದ ಹತ್ತಿರ ಹೋದಳು. ಅಂಗೈ ಮೇಲಿದ್ದುದರ ಚಿತ್ರ ಅಲ್ಲಿತ್ತು. ಬೆರಳು ಅಭ್ಯಾಸದಂತೆ ಬಾಯಿಯ ಕಡೆ ಏರಿತು. ಅರ್ಧದಲ್ಲಿ ನಿಂತಿತು. ಅದನ್ನು ಲಂಗಕ್ಕೆ ಒರೆಸಿಕೊಂಡು, ಚಿತ್ರದ ಕೆಳಗಿನ ಅಕ್ಷರಕ್ಕೆ ಇಟ್ಟಳು.

"ಕೋ... ಶ." ಮುಂದಿನ ಸಾಲು ಉದ್ದವಾಗಿತ್ತು. ಪಟ ಅವಳಿಗೇನೂ ಸಹಾಯ ಮಾಡಲಿಲ್ಲ. ಅಕ್ಷರ ದೊಡ್ಡದಾಗಲಿಲ್ಲ, ಸಿಹಿ ಬಿಡಲಿಲ್ಲ. "ನೂ... ನೂಲು ತೆ... ಗೆ... ಯಲು..." ಎಡವಿದಳು, ಹಿಂದಕ್ಕೆ ಹೋದಳು, ಮತ್ತೆ ಬಂದಳು. "ನೂಲು ತೆಗೆಯಲು ಈ ಹಂ... ತದಲ್ಲಿ ಗೂಡನ್ನು ಬೇಯಿ... ಬೇಯಿಸುತ್ತಾರೆ."

ಕೋಶ ನೀಲವೇಣಿಯ ಅಂಗೈಯಲ್ಲಿ ಮತ್ತೊಮ್ಮೆ ಹೊರಳಿತು.

ಮುಂದಿನ ಸಾಲಿಗೆ ಇಳಿಯುತ್ತಿದ್ದ ಇಂಚರಳ ಬೆರಳು ಪಟದ ಕೆಳಮೂಲೆಯಲ್ಲಿ ತಡೆಯಿತು. ಅಲ್ಲಿ ಮಸಿ, ನೊಣದ ಪಿಕ್ಕೆಗಳ ನಡುವೆ, ಕೆಳಗಿನಿಂದ ಮೇಲಕ್ಕೆ ನಾಲಿಗೆಯಷ್ಟು ಅಗಲದ ಬಿಳಿ ಗೆರೆಯೊಂದು ಒಣಗಿ ನಿಂತಿತ್ತು. ಹುಡುಗಿ ಬಗ್ಗಿ ಅದನ್ನು ಪರೀಕ್ಷೆ ಮಾಡಿದಳು. ಮೂಗು ಮುರಿದಳು.

"ಚಿಕ್ಕಮ್ಮಾ, ಇಲ್ಲಿ ಯಾರೋ ನೆಕ್ಕವ್ರೆ" ಎಂದಳು. "ಥೂ, ಗಲೀಜು!"